ಕಾಡುಪಾಪದ ಜಾಡಿನಲ್ಲಿ: ಕೊಡಿಗೇಹಳ್ಳಿಯಿಂದ ನಾಗವಲ್ಲಿಗೆ

ಯಲಹಂಕದ ಕಡೆಯಿಂದ ಬರುವ ಪ್ಯಾಸೆಂಜರ್ ರೈಲು ಕೊಡಿಗೇಹಳ್ಳಿಯಲ್ಲಿ ನಿಲ್ಲುವುದು ಒಂದೇ ಗಳಿಗೆ. ಇಳಿಯುವವರು ಇಳಿದು, ಹತ್ತುವವರು ಹತ್ತುವಷ್ಟರಲ್ಲಿ ಗಾಡಿ ಹೊರಟೇಬಿಡುತ್ತದೆ. ಹಿಂದೂಪುರ, ಗುಂತಕಲ್ಲಿನ ಕಡೆ ಓಡುವ ದೊಡ್ಡ ಗಾಡಿಗಳಿಗೆ ಇಲ್ಲಿ ಹೀಗೊಂದು ನಿಲ್ದಾಣವಿದೆ ಎಂಬ ನೆನಪೂ ಇರುವುದಿಲ್ಲ. ಕೂಗು ಹಾಕುತ್ತ ಧೂಳೆಬ್ಬಿಸಿ ಹೋಗಿಬಿಡುತ್ತವೆ. ಆಮೇಲೆ ಸ್ವಲ್ಪ ಹೊತ್ತು ಮೌನ. ಆ ಮೌನ ಮುಗಿಯುವ ಮುನ್ನವೇ ಮುಖ್ಯರಸ್ತೆಯ ಹಾರನ್ನುಗಳು ಕೇಳಿಸತೊಡಗುತ್ತವೆ.

ಕೊಡಿಗೇಹಳ್ಳಿ ಹೆಸರಿಗಷ್ಟೇ ಹಳ್ಳಿ. ರಾಗಿ ಹೊಲ, ಹುಣಸೆ ತೋಪು, ಕತ್ತಾಳೆ ಬೇಲಿಗಳಿದ್ದ ಜಾಗದಲ್ಲಿ ಬಡಾವಣೆಗಳು ಎದ್ದು ಎಷ್ಟೋ ಕಾಲವಾಯಿತು. ದಕ್ಷಿಣಕ್ಕೆ ಹೆಬ್ಬಾಳ, ಪೂರ್ವಕ್ಕೆ ಸಹಕಾರನಗರ ಮತ್ತು ಬಳ್ಳಾರಿ ರಸ್ತೆ, ಉತ್ತರಕ್ಕೆ ತಿಂಡ್ಲು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದಾಗ ಬ್ಯಾಟರಾಯನಪುರ ನಗರಸಭೆಯ ಜೊತೆಜೊತೆಗೇ ಈ ಭಾಗವೂ ನಗರದೊಳಕ್ಕೆ ಸೇರಿಹೋಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದಾಚೆಗೆ ಬಳ್ಳಾರಿ ರಸ್ತೆ ರಸ್ತೆಯಾಗಿ ಉಳಿಯಲಿಲ್ಲ, ಪ್ರವಾಹವಾಯಿತು.

ಆದರೆ ಹೆಸರಿನಲ್ಲಿ ಹಳೆಯ ಕಾಲವೊಂದು ಇನ್ನೂ ಕುಳಿತಿದೆ. ಕನ್ನಡ ಶಾಸನಗಳಲ್ಲಿ ಕೊಡಗೆ, ಕೊಡಿಗೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮಾಡಿದ ಸೇವೆಗಾಗಿ ಬಿಟ್ಟುಕೊಟ್ಟ ಭೂಮಿ ಎಂದು ಅದರ ಅರ್ಥ. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆ, ಊರಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ. ಕರ್ನಾಟಕದಲ್ಲಿ ಕೊಡಿಗೇಹಳ್ಳಿಗಳು ಹಲವಿವೆ. ಅವುಗಳ ಹೆಸರಿನ ಬೇರು ಬಹುಮಟ್ಟಿಗೆ ಇಲ್ಲೇ ಇರಬೇಕು. ಪಕ್ಕದ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆಂದು ನೆಲ ಅಗೆದಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಆಸುಪಾಸಿನದು. ನಾಡಿನ ಮೇಲೆ ದಾಳಿ ಬಂದಾಗ ಎದುರು ನಿಂತು ಮಡಿದ ಕಿತ್ತಯ್ಯ ಎಂಬುವನ ಕಲ್ಲು ಅದು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲೇ ಅತಿ ಹಳೆಯದೆಂದು ಅದನ್ನು ಗುರುತಿಸಿದ್ದಾರೆ. ಕಾಯುವವರನ್ನು ನೆನಪಿಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ.

ಕಾಯುವವರ ಕಥೆ ಮಕ್ಕಳಿಗೂ ಬಹಳ ಇಷ್ಟ. ಅದರಲ್ಲೂ ಒಂದು ಬಗೆಯ ಕಥೆ ಲೋಕದ ಎಲ್ಲ ಭಾಷೆಗಳ ಮಕ್ಕಳನ್ನೂ ಹಿಡಿದು ಕೂರಿಸುತ್ತದೆ. ಮಾಯೆಯ ಪ್ರಾಣಿಯೊಂದಿರುತ್ತದೆ. ಅದನ್ನು ಹಿಡಿಯಲು, ಕೊಲ್ಲಲು ದೊಡ್ಡವರು ಹೊಂಚು ಹಾಕಿರುತ್ತಾರೆ. ಅದರ ಪಕ್ಕಕ್ಕೆ ನಿಲ್ಲುವವರು ರಾಜರೂ ಅಲ್ಲ, ಸೇನಾಪತಿಗಳೂ ಅಲ್ಲ. ಯಾವ ಗುಂಪಿಗೂ ಸೇರದ ನಾಲ್ಕೈದು ಜನ: ಶಾಲೆಯಿಂದ ಹೊರಹಾಕಿಸಿಕೊಂಡವನು, ಊರಿಗೆ ಹೊಸಬಳು, ಎಲ್ಲರೂ ಪೆದ್ದನೆಂದು ಬಿಟ್ಟವನು. ಹ್ಯಾರಿ ಪಾಟರ್ ಸರಣಿಯ ಮೂರನೆಯ ಪುಸ್ತಕ ಬಂದದ್ದು 1999ರಲ್ಲಿ. ಅದರಲ್ಲಿ ಮರಣದಂಡನೆಗೆ ಗುರಿಯಾದ ಬಕ್‌ಬೀಕ್ ಎಂಬ ರೆಕ್ಕೆಯ ಪ್ರಾಣಿಯನ್ನು ಸಾಕಿದವನು ಹ್ಯಾಗ್ರಿಡ್. ಓದುವ ಕಾಲದಲ್ಲೇ ಆ ಶಾಲೆಯಿಂದ ಹೊರಬಿದ್ದು, ಅಲ್ಲೇ ಆಳಾಗಿ ಉಳಿದವನು. ಪ್ರಾಣಿಯನ್ನು ಪಾರು ಮಾಡುವವರು ಮಕ್ಕಳು.

ಕನ್ನಡಕ್ಕೆ ಇದು ಹೊಸ ರುಚಿಯೇನಲ್ಲ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲೇ ಬಂತು. ಮಕ್ಕಳಿಗೆಂದು ಬರೆದ ಕಾದಂಬರಿಯಲ್ಲ, ಆದರೂ ಎಷ್ಟೋ ಮಕ್ಕಳು ಮೊದಲು ಓದಿದ ಕಾದಂಬರಿ ಅದೇ. ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೊರಡುವ ಆ ತಂಡವನ್ನು ನೆನೆಸಿಕೊಂಡರೆ ಸಾಕು: ಒಬ್ಬ ವಿಜ್ಞಾನಿ, ಒಬ್ಬ ಬಿರ್ಯಾನಿ ಕರಿಯಪ್ಪ, ಒಂದು ನಾಯಿ, ಜೊತೆಗೆ ಊರವರೆಲ್ಲ ಕೆಲಸಕ್ಕೆ ಬಾರದವನೆಂದು ಕೈಬಿಟ್ಟ ಮಂದಣ್ಣ. ಆ ಮಂದಣ್ಣನ ಕಣ್ಣಿಗೇ ಕಾಡು ತೆರೆದುಕೊಳ್ಳುತ್ತದೆ.

ಪುಸ್ತಕ ಮುಚ್ಚಿಟ್ಟ ಮೇಲೆ ಇಂಥ ಪ್ರಾಣಿ, ಇಂಥ ಜನ ಎಲ್ಲಾದರೂ ಇದ್ದಾರೆಯೇ ಎಂದು ಕೇಳುವ ಮಗುವಿಗೆ ದೂರದ ದೇಶ ತೋರಿಸಬೇಕಾಗಿಲ್ಲ. ಕೊಡಿಗೇಹಳ್ಳಿಯಲ್ಲಿ ರೈಲು ಹತ್ತಿ, ಲೊಟ್ಟೆಗೊಲ್ಲಹಳ್ಳಿ ದಾಟಿ, ಯಶವಂತಪುರದಲ್ಲಿ ಇಳಿದರೆ ಸಾಕು. ನಿಲ್ದಾಣದಿಂದ ಕೂಗಳತೆಯಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಶುರುವಾದದ್ದು. ಇದೂ ಒಂದು ಕೊಡಗೆಯೇ ಅನ್ನಬೇಕು. ಅದರ ಒತ್ತೊತ್ತಾದ ಮರಗಳಲ್ಲಿ, ಪ್ರಯೋಗಾಲಯಗಳ ದೀಪ ಉರಿಯುತ್ತಿರುವಾಗಲೇ, ಕಾಡುಪಾಪ ಎಚ್ಚರಗೊಳ್ಳುತ್ತದೆ.

ಕಾಡುಪಾಪ! ಈ ಹೆಸರನ್ನು ಇಟ್ಟವರು ಯಾರೋ, ಕನ್ನಡದ ಕಿವಿ ಚೆನ್ನಾಗಿದ್ದವರು. ಪಾಪ ಎಂದರೆ ಎಳೆಗೂಸು. ಕಣ್ಣಿನ ನಡುವಣ ಕಪ್ಪು ಪಾಪೆ. ಯಾರದಾದರೂ ಕಷ್ಟ ಕಂಡಾಗ ಬಾಯಿಂದ ತಾನಾಗಿ ಬರುವ ಮಾತು, “ಅಯ್ಯೋ ಪಾಪ”. ಮಾಡಬಾರದ್ದನ್ನು ಮಾಡಿದರೆ ಸುತ್ತಿಕೊಳ್ಳುವುದೂ ಪಾಪವೇ. ಈ ಪ್ರಾಣಿಯ ಬದುಕಿನಲ್ಲಿ ನಾಲ್ಕೂ ಅರ್ಥಗಳು ನಿಜವಾಗಿವೆ. ಇಂಗ್ಲಿಷಿನಲ್ಲಿ ಅದು ಲೋರಿಸ್. ಪೆದ್ದ, ವಿದೂಷಕ ಎಂಬರ್ಥದ ಡಚ್ ಮಾತಿನಿಂದ ಬಂದದ್ದು ಎನ್ನುತ್ತಾರೆ. ತಮಿಳರು ತೇವಾಂಗು ಎಂದು ಕರೆಯುತ್ತಾರೆ.

ಅಂಗೈಯಗಲದ ಮೈ, ಕಡ್ಡಿಯಂಥ ಕೈಕಾಲು, ಬಾಲವಿಲ್ಲ. ತೂಕ ಕಾಲು ಕಿಲೋ ಆಸುಪಾಸು. ಬೆಕ್ಕಿನ ಮರಿಯೆಂದು ಮೋಸಹೋಗುವವರಿದ್ದಾರೆ, ಆದರೆ ಅದು ಕೋತಿಯ, ಮನುಷ್ಯನ ದೂರದ ನೆಂಟ. ಮಡಗಾಸ್ಕರಿನ ಲೀಮರುಗಳಿಗೆ ಇನ್ನೂ ಹತ್ತಿರದ ಬಂಧು. ಮುಖದಲ್ಲಿ ಕಾಣುವುದೇ ಎರಡು ಕಣ್ಣು. ಸುತ್ತ ಕಾಡಿಗೆ ತೀಡಿದಂಥ ಬಳೆ. ಬೆಳಕು ಬಿದ್ದರೆ ಅವು ಕೆಂಡದ ಹಾಗೆ ಹೊಳೆಯುತ್ತವೆ. ಹಗಲೆಲ್ಲ ಬಳ್ಳಿ ಹೆಣೆದ ಕೊಂಬೆಯಲ್ಲಿ ಮನೆಮಂದಿಯೊಂದಿಗೆ ಉಂಡೆಯಾಗಿ ಮುದುಡಿಕೊಂಡು ನಿದ್ದೆ, ಕತ್ತಲಾದ ಮೇಲೆ ಹುಳುಬೇಟೆ. ತಾಯಿ ಬೇಟೆಗೆ ಹೋಗುವಾಗ ಮರಿಯನ್ನು ಕೊಂಬೆಗೆ ಅಂಟಿಸಿ ಹೋಗುತ್ತದೆ. ಅದು ಅಲ್ಲೇ ಕಚ್ಚಿಕೊಂಡು ಕಾಯುತ್ತಿರಬೇಕು. ಗಂಟೆಗಟ್ಟಲೆ ಹೀಗೆ ಹಿಡಿದುಕೊಂಡಿದ್ದರೂ ಕೈ ಸೋಲುವುದಿಲ್ಲ. ಕೈಕಾಲಿನೊಳಗಿನ ರಕ್ತನಾಳಗಳು ಬಲೆಯಂತೆ ಕವಲೊಡೆದಿರುವುದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಅಂಗರಚನಾ ಶಾಸ್ತ್ರದವರು ಆ ಬಲೆಗೆ ಲ್ಯಾಟಿನ್‌ನಲ್ಲಿ ಇಟ್ಟ ಹೆಸರಿನ ಅರ್ಥ ‘ಅದ್ಭುತ ಜಾಲ’. ಮಾಯೆ ಬೇಕಾದವರಿಗೆ ಇಷ್ಟು ಸಾಲದೇ?

ಸಾಲಲಿಲ್ಲ ಎಂಬುದೇ ದುಃಖದ ಕಥೆ. ಆ ಕಣ್ಣುಗಳಲ್ಲಿ ವಶೀಕರಣದ ಶಕ್ತಿಯಿದೆ ಎಂಬ ನಂಬಿಕೆ ದಕ್ಷಿಣ ಭಾರತದಲ್ಲೂ ಸಿಂಹಳದಲ್ಲೂ ಹಳೆಯದು. ಪ್ರೇಮಮದ್ದಿಗೆ ಬೇಕಾದ ಕಣ್ಣಿಗಾಗಿ ಬದುಕಿರುವ ಪ್ರಾಣಿಯನ್ನೇ ಬೆಂಕಿಗೆ ಹಿಡಿಯುತ್ತಿದ್ದರೆಂದು ಸಿಂಹಳದ ಬ್ರಿಟಿಷ್ ಅಧಿಕಾರಿಯಾಗಿದ್ದ ಎಮರ್ಸನ್ ಟೆನೆಂಟ್ 1861ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನಮ್ಮ ನಾಡಿನಲ್ಲೂ ಮಾಟಕ್ಕೆಂದು ಕಾಡುಪಾಪದ ಮೈಗೆ ಸೂಜಿ ಚುಚ್ಚಿದ, ಕೈಕಾಲು ಕಟ್ಟಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಇದಕ್ಕೂ ಸ್ಥಾನವಿದೆ. ಹಿಡಿದರೆ ಮೂರರಿಂದ ಏಳು ವರ್ಷ ಜೈಲು. ಹುಲಿ ಹಿಡಿಯುವುದು ಕಷ್ಟ, ಕಾಡುಪಾಪ ಜೇಬಿನಲ್ಲಿ ಹಿಡಿಸುತ್ತದೆ. ಕಾಯಿದೆಗೆ ತೊಂದರೆ ಅಲ್ಲೇ.

ಕಳೆದ ದಶಕದ ನಡುವಿನಲ್ಲಿ ಈ ಪುಟ್ಟ ಪ್ರಾಣಿಯನ್ನು ಹುಡುಕಿಕೊಂಡು ಬೆಂಗಳೂರಿನ ಕತ್ತಲಿಗೆ ಇಳಿದ ತಂಡ ಮಕ್ಕಳ ಕಥೆಯ ತಂಡಕ್ಕೆ ತೀರ ಹತ್ತಿರದ್ದು. ಅರ್ಬನ್ ಸ್ಲೆಂಡರ್ ಲೋರಿಸ್ ಪ್ರಾಜೆಕ್ಟ್ ಎಂದು ಅದರ ಹೆಸರು, ಮುಂದೆ ನಿಂತವರು ವಿಜ್ಞಾನಿ ಕಾಬೇರಿ ಕರ್ ಗುಪ್ತ. ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡಿನಲ್ಲಿ ಇದೇ ಪ್ರಾಣಿಯ ಬೆನ್ನು ಹತ್ತಿ ಅಧ್ಯಯನ ಮಾಡಿದ್ದವರು. ಊರಿನಲ್ಲಿ ಅವರೊಂದಿಗೆ ಹೊರಟವರು ಬಹುಪಾಲು ಸ್ವಯಂಸೇವಕರು, ಹಗಲು ಬೇರೆ ಬದುಕು ಇದ್ದವರು. ಬೆಂಗಳೂರು ಹೀಗೆಯೇ: ಇಲ್ಲಿನ ಮರದ ಮೇಲೆ ಯಾರಿದ್ದಾರೆ ಎಂದು ಮೊದಲು ಕೇಳುವವರು ಎಷ್ಟೋ ಸಲ ಬೇರೆ ಊರಿನಿಂದ ಬಂದವರು. ಇಲ್ಲೇ ಹುಟ್ಟಿ ಬೆಳೆದವರಲ್ಲಿ ಹೆಚ್ಚಿನವರಿಗೆ ಕಾಡುಪಾಪವೆಂದರೆ ಅಜ್ಜಿ ಹೇಳಿ ಹೆದರಿಸಿದ ಅಪಶಕುನ, ಇಲ್ಲವೇ ಮೃಗಾಲಯದ ಪಂಜರದ ಫಲಕ.

ರಾತ್ರಿ ನಡಿಗೆಗೆ ಕೆಲವು ಕಟ್ಟಳೆಗಳುಂಟು. ಬಿಳಿ ಟಾರ್ಚು ಕೂಡದು, ಕೆಂಪು ಬೆಳಕು ಮಾತ್ರ, ಇಲ್ಲವಾದರೆ ಆ ದೊಡ್ಡ ಕಣ್ಣುಗಳಿಗೆ ಪೆಟ್ಟು. ಮಾತು ಪಿಸುಮಾತು. ಹೆಜ್ಜೆ ನಿಧಾನ, ಕತ್ತು ಮೇಲಕ್ಕೆ. ಹೊಂಗೆ, ಹುಣಸೆ, ಹಲಸು, ಬಿದಿರು, ಒಂದೊಂದು ಮರದ ಬುಡದಲ್ಲೂ ನಿಂತು ಕೊಂಬೆ ಕೊಂಬೆಯನ್ನು ತಡಕಬೇಕು. ತಾಸೆರಡು ತಾಸು ಕಳೆದು, ಕತ್ತು ಹಿಡಿದುಕೊಂಡು, ಇನ್ನು ಮನೆಗೆ ಹೋಗೋಣ ಎನ್ನುವ ಹೊತ್ತಿಗೆ ಎಲೆಗಳ ನಡುವೆ ಎರಡು ಕಿಡಿ. ಕಿಡಿಗಳು ಒಮ್ಮೆ ಆರಿ ಮತ್ತೆ ಹೊತ್ತಿಕೊಂಡರೆ ಅದು ಕಣ್ಣು ಮಿಟುಕಿಸಿತೆಂದು ಅರ್ಥ. ಎಲ್ಲಿ, ಯಾವ ಮರ, ಎಷ್ಟು ಎತ್ತರ, ಎಷ್ಟು ಮಂದಿ, ಏನು ಮಾಡುತ್ತಿತ್ತು ಎಂದು ಪುಸ್ತಕದಲ್ಲಿ ಬರೆದುಕೊಂಡು ಮುಂದಕ್ಕೆ.

ಇಲ್ಲಿಗೆ ಕಥೆ ಕಗ್ಗಂಟಾಗುತ್ತದೆ. ಮಕ್ಕಳ ಪುಸ್ತಕದಲ್ಲಿ ಕಾಯುವವರ ಮೊದಲ ಕರ್ತವ್ಯ ಗುಟ್ಟು. ಪ್ರಾಣಿ ಎಲ್ಲಿದೆಯೆಂದು ಯಾರಿಗೂ ಹೇಳಬಾರದು. ಇಲ್ಲಿಯೂ ಹಾಗೆಯೇ ಅನ್ನಿಸುತ್ತದೆ: ಇಂಥ ರಸ್ತೆಯ ಇಂಥ ಮರದಲ್ಲಿ ಕಾಡುಪಾಪವಿದೆ ಎಂದು ಬಾಯಿ ಬಿಟ್ಟರೆ ಮಾಟದವನಿಗೂ, ಅವನಿಗೆ ಪ್ರಾಣಿ ಹಿಡಿದುಕೊಡುವವನಿಗೂ ವಿಳಾಸ ಕೊಟ್ಟಂತೆ. ಆದ್ದರಿಂದ ಬಲ್ಲವರು ಜಾಗ ಹೇಳುವುದಿಲ್ಲ, ಈ ಬರಹದಲ್ಲೂ ಮರದ ಗುರುತು ಸಿಗದು. ಆದರೆ ಹೇಳದಿದ್ದರೆ ಇನ್ನೊಂದು ಅಪಾಯ. ರಸ್ತೆ ಅಗಲ ಮಾಡುವ ಎಂಜಿನಿಯರನ ನಕ್ಷೆಯಲ್ಲಿ ಆ ಮರ ಬರೀ ಒಂದು ಸಂಖ್ಯೆ. ವಿದ್ಯುತ್ ತಂತಿಗೆ ತಗಲುತ್ತದೆಂದು ಕೊಂಬೆ ಸವರಲು ಬಂದವನಿಗೆ ಅದು ಬರೀ ಕೊಂಬೆ. ಇದ್ದದ್ದೇ ಗೊತ್ತಿಲ್ಲದ ಪ್ರಾಣಿ ಹೋದದ್ದೂ ಗೊತ್ತಾಗುವುದಿಲ್ಲ.

ಕೊಂಬೆಯ ಮಾತು ಸಣ್ಣದಲ್ಲ. ಕಾಡುಪಾಪಕ್ಕೆ ನೆಗೆಯಲು ಬಾರದು. ಕೋತಿ, ಅಳಿಲು ಆ ಮರದಿಂದ ಈ ಮರಕ್ಕೆ ಹಾರಿಬಿಡುತ್ತವೆ. ಇದು ಮಾತ್ರ ಒಂದು ಕೈಯಲ್ಲಿ ಹಳೆಯ ಕೊಂಬೆ, ಇನ್ನೊಂದು ಕೈಯಲ್ಲಿ ಹೊಸ ಕೊಂಬೆ ಹಿಡಿದು, ಹೊಸದು ಗಟ್ಟಿಯೆಂದು ಖಾತ್ರಿಯಾದ ಮೇಲೆಯೇ ಹಳೆಯದನ್ನು ಬಿಡುವುದು. ಎರಡು ಮರದ ನಡುವೆ ನಾಲ್ಕು ಮೊಳ ಬಯಲು ಬಿದ್ದರೆ ಅದರ ಲೋಕ ಅಲ್ಲಿಗೆ ಮುಗಿಯಿತು. ಇಳಿದು ನೆಲದ ಮೇಲೆ ತಡವರಿಸುತ್ತ ದಾಟಬೇಕು, ಅಲ್ಲಿ ನಾಯಿ, ಬೆಕ್ಕು, ಮೋಟಾರು. ತಂತಿ ಹಿಡಿದು ದಾಟಲು ಹೋದರೆ ಕರೆಂಟು. ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಐವತ್ತಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಮನುಷ್ಯನ ಲೆಕ್ಕ. ಕಾಡುಪಾಪದ ಲೆಕ್ಕದಲ್ಲಿ ಐವತ್ತು ಬೇಡ, ರಸ್ತೆಯ ಆಚೆ ಈಚೆಯ ಎರಡು ತೋಪುಗಳನ್ನು ಸೇರಿಸುವ ಒಂದೇ ಒಂದು ಮರ ಹೋದರೆ ಸಾಕು.

ಮರದ ಲೆಕ್ಕಕ್ಕಾಗಿ ಈ ಭಾಗದ ಜನ ಬೀದಿಗಿಳಿದದ್ದೂ ಉಂಟು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂದಾಗ 812 ಮರ ಉರುಳಬೇಕಾಗಿತ್ತು. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ಸಾಲಾಗಿ ನಿಂತು ‘ಬೇಡ’ ಎಂದರು. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅವತ್ತು ನಿಂತವರಲ್ಲಿ ಕನ್ನಡ ಬರುವವರೂ ಇದ್ದರು, ‘ಬೇಡ’ ಎಂಬ ಒಂದು ಮಾತನ್ನಷ್ಟೇ ಕಲಿತವರೂ ಇದ್ದರು.

ಗುಟ್ಟಿನ ದಾರಿ ಬಿಟ್ಟು ಬೇರೆ ದಾರಿ ಹಿಡಿದ ಊರೊಂದಿದೆ. ಅದನ್ನು ನೋಡಲು ಯಶವಂತಪುರದಲ್ಲೇ ಗಾಡಿ ಬದಲಿಸಿ ತುಮಕೂರಿಗೆ ಹೋಗಬೇಕು, ಅಲ್ಲಿಂದ ಹೆಬ್ಬೂರಿನ ಕಡೆಯ ಬಸ್ಸು. ನಾಗವಲ್ಲಿ ಸಾಧಾರಣ ಬಯಲುಸೀಮೆಯ ಹಳ್ಳಿ. ತೆಂಗು, ಹುಣಸೆ, ರಾಗಿ, ಹೊಲದಂಚಿನ ಪೊದೆಬೇಲಿ. ದೊಡ್ಡ ಕಾಡೇನೂ ಇಲ್ಲ. ಆದರೆ ಆ ಬೇಲಿಗಳಲ್ಲಿ, ಆ ಹುಣಸೆ ಮರಗಳಲ್ಲಿ ಕಾಡುಪಾಪಗಳಿವೆ. ಇವನ್ನು ಲೋಕಕ್ಕೆ ತೋರಿಸಿಕೊಟ್ಟವರು ಅಲ್ಲಿನ ಪ್ರೌಢಶಾಲೆಯ ಮೇಷ್ಟ್ರು ಬಿ.ವಿ. ಗುಂಡಪ್ಪ ಮತ್ತು ಅವರ ಹುಡುಗ ಹುಡುಗಿಯರು. ತುಮಕೂರಿನ ವನ್ಯಜೀವಿ ಆಸಕ್ತರ ಕೂಟವೊಂದು ಜೊತೆಗೆ ನಿಂತಿತು.

ಮೇಷ್ಟ್ರು ಕಂಡುಕೊಂಡ ಉಪಾಯ ಸರಳ. ಕಾಡುಪಾಪವನ್ನು ಬಚ್ಚಿಡಲಿಲ್ಲ, ಪಾಠ ಮಾಡಿದರು. ಮಕ್ಕಳಿಗೆ ಗೊತ್ತಾದದ್ದು ರಾತ್ರಿ ಊಟದ ಹೊತ್ತಿಗೆ ಮನೆಗಳಿಗೆ ಗೊತ್ತಾಗಲೇಬೇಕು. ಕಂಡರೆ ಕೆಟ್ಟದ್ದೆಂದು ಬಡಿಯಲು ಕೈಯೆತ್ತುವ ಅಪ್ಪನ ಪಕ್ಕದಲ್ಲಿ ‘ಅದು ನಮ್ಮ ಪೈರಿನ ಹುಳು ತಿನ್ನುತ್ತೆ ಕಣಪ್ಪ’ ಎನ್ನುವ ಮಗಳಿದ್ದರೆ ಆ ಕೈ ಇಳಿಯುತ್ತದೆ. ಹೊಸ ಮುಖವೊಂದು ಸಂಜೆ ಹೊತ್ತು ತೋಪಿನಲ್ಲಿ ಸುಳಿದಾಡಿದರೆ ಯಾಕೆ ಬಂದೆ ಎಂದು ಕೇಳುವ ನಾಲ್ಕು ಬಾಯಿಯೂ ಇರುತ್ತವೆ. ಹಳ್ಳಿಯಲ್ಲಿ ಗುಟ್ಟು ಕಾಯುವುದು ಹೇಗೂ ಆಗದ ಮಾತು. ಎಲ್ಲರಿಗೂ ಗೊತ್ತಿರುವುದೇ ಅಲ್ಲಿ ಬೀಗ.

ಇದೇ ಮಾತನ್ನು ದೊಡ್ಡ ಅಳತೆಯಲ್ಲಿ ತಮಿಳುನಾಡು ಮಾಡಿತು. 2022ರ ಅಕ್ಟೋಬರಿನಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರನ್ನು ಕಡವೂರು ಕಾಡುಪಾಪ ಅಭಯಾರಣ್ಯವೆಂದು ಘೋಷಿಸಿತು. ಈ ಪ್ರಾಣಿಯ ಹೆಸರಿನಲ್ಲೇ ಆದ ದೇಶದ ಮೊದಲ ಅಭಯಾರಣ್ಯ ಅದು. ದಿಂಡಿಗಲ್ಲಿನ ಕಾಡುಗಳಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್, ಸಿಂಧು ರಾಧಾಕೃಷ್ಣ ಮೊದಲಾದವರು ಕಾಡುಪಾಪದ ಸಂಸಾರದ ರೀತಿನೀತಿಗಳನ್ನು ರಾತ್ರಿಗಟ್ಟಲೆ ಕುಳಿತು ಬರೆದುಕೊಂಡದ್ದು. ಒಂಟಿಯಾಗಿ ಅಲೆಯುವ ಮಂಕು ಪ್ರಾಣಿ ಎಂದು ಬಗೆದಿದ್ದದ್ದು ಅಷ್ಟೇನೂ ಒಂಟಿಯಲ್ಲವೆಂದು ಅದರಿಂದ ತಿಳಿಯಿತು. ಕರ್ನಾಟಕದ ಊರೊಳಗಿನ ಕಾಡುಪಾಪಕ್ಕೆ ಅಂಥ ಫಲಕವಿಲ್ಲ. ಹೊಲದ ಬೇಲಿಗೂ, ಕಾಲೇಜಿನ ಸಾಲುಮರಕ್ಕೂ ಅಭಯಾರಣ್ಯವೆಂದು ಹೆಸರಿಡುವುದು ಹೇಗೆ?

ನಗರಕ್ಕೆ ನಾಗವಲ್ಲಿಯ ಉಪಾಯ ಹೊಂದುತ್ತದೆಯೇ ಎಂಬುದು ಸುಲಭದ ಪ್ರಶ್ನೆಯಲ್ಲ. ಹಳ್ಳಿಯಲ್ಲಿ ಹೊಸಬ ಯಾರೆಂದು ಗೊತ್ತಾಗುತ್ತದೆ, ಕೊಡಿಗೇಹಳ್ಳಿಯಲ್ಲಿ ಎಲ್ಲರೂ ಹೊಸಬರೇ. ಎದುರು ಮನೆಯವರ ಹೆಸರು ತಿಳಿಯದ ಬೀದಿಯಲ್ಲಿ ಮರದ ಮೇಲಿನವರ ಗುಟ್ಟನ್ನು ಯಾರ ಕೈಗೆ ಕೊಡುವುದು? ಹಾಗಿದ್ದರೂ ಯಾರೋ ಒಬ್ಬರು ಕತ್ತೆತ್ತಿ ನೋಡಿದ್ದರಿಂದಲೇ ಇಷ್ಟಾದರೂ ಗೊತ್ತಾದದ್ದು. ಇಡೀ ರಾತ್ರಿ ಗೇಟಿನ ಬಳಿ ಕೂತಿರುವ ಕಾವಲುಗಾರ, ಮೂರು ಗಂಟೆಗೆ ಪಾಳಿ ಮುಗಿಸಿ ಬರುವ ಹುಡುಗಿ, ಕೋಳಿ ಕೂಗುವ ಮುಂಚೆ ಹಾಲಿನ ಪ್ಯಾಕೆಟ್ಟು ಹಾಕುವವನು: ಈ ಊರಿನ ಕತ್ತಲನ್ನು ಬಲ್ಲವರು ಇಂಥವರೇ. ಅವರಿಗೆ ಕಾಣುವುದು ಹಗಲಿನ ಸಮೀಕ್ಷೆಗೆ ಕಾಣದು.

ನಾಗವಲ್ಲಿಯಿಂದ ಮರಳುವ ಗಾಡಿ ಕೊಡಿಗೇಹಳ್ಳಿ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಉತ್ತರಕ್ಕೆ ದೀಪಗಳ ನಡುವೆ ಒಂದು ದೊಡ್ಡ ಕಪ್ಪು ತೇಪೆ ಕಾಣುತ್ತದೆ. ಅದು ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣ, ಸುಮಾರು 1,300 ಎಕರೆ. ವರ್ಷಕ್ಕೊಮ್ಮೆ ಕೃಷಿ ಮೇಳಕ್ಕೆ ಲಕ್ಷಾಂತರ ರೈತರು ಬಂದು ಹೋಗುವ ಜಾಗ. ಉಳಿದ ರಾತ್ರಿಗಳಲ್ಲಿ ಮರಗಳದ್ದೇ ಸಾಮ್ರಾಜ್ಯ. ಆ ತೇಪೆಯ ಅಂಚಿನ ರಸ್ತೆಗಳಲ್ಲಿ ಕೆಲವು ಕಡೆ ಆಚೆ ಬದಿಯ ಹೊಂಗೆಯೂ ಈಚೆ ಬದಿಯ ಮಳೆಮರವೂ ಮೇಲೆ ಕೈ ಕೂಡಿಸಿವೆ. ಇನ್ನು ಕೆಲವು ಕಡೆ ತಂತಿಗಾಗಿ ಸವರಿದ ಕೊಂಬೆಗಳ ನಡುವೆ ಎರಡು ಮೊಳದಷ್ಟು ಆಕಾಶ. ಮಳೆಗಾಲ ಒಂದು ಕಳೆದರೆ ಚಿಗುರು ಬಂದು ಆ ಎರಡು ಮೊಳ ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ಏಣಿ ಹೊತ್ತವರು ಮತ್ತೆ ಬಾರದಿದ್ದರೆ.